ಇಂಟರ್‌ಲಾಕ್ ಗಟಾರ: ತಳದ ಒಂದು ಕಲ್ಲಿನ ಲೆಕ್ಕ

ಇಂಟರ್‌ಲಾಕ್ ಅಂದ ಕೂಡಲೇ ನಮಗೆ ನೆನಪಾಗೋದು ಗುಡಿ ಮುಂದಿನ ಅಂಗಳ, ಪೆಟ್ರೋಲ್ ಬಂಕ್, ಕಲ್ಯಾಣ ಮಂಟಪದ ಪಾರ್ಕಿಂಗ್. ಕೆಂಪು-ಬೂದು ಬಣ್ಣದ ಸಿಮೆಂಟ್ ಬ್ಲಾಕುಗಳು ಒಂದರ ಹಲ್ಲಿಗೆ ಇನ್ನೊಂದು ಹಲ್ಲು ಕಚ್ಚಿಕೊಂಡು ಕೂತಿರ್ತವೆ. ಅಂಥವೇ ಕಚ್ಚಿನ ಬ್ಲಾಕುಗಳನ್ನು ನೆಲದ ಮೇಲೆ ಹಾಸೋ ಬದಲು ನೆಲದೊಳಗೆ ದುಂಡಗೆ ಜೋಡಿಸಿದರೆ ಏನಾಗತ್ತೆ? ಮನುಷ್ಯ ನಡೆದು ಹೋಗುವಷ್ಟು ದೊಡ್ಡ ಒಳಚರಂಡಿ ಆಗತ್ತೆ. ಸುಮಾರು ನೂರು ವರ್ಷದ ಹಿಂದೆ ಅಮೆರಿಕದಲ್ಲಿ ದೊಡ್ಡ ಒಳಚರಂಡಿಗಳನ್ನು ಹೀಗೂ ಕಟ್ಟುತ್ತಿದ್ದರು. ಸುಟ್ಟ ಮಣ್ಣಿನ, ಒಳಗೆ ಟೊಳ್ಳಿರುವ, ಬಾಗಿದ ತುಂಡುಗಳು. ಹಲವು ತುಂಡು ಸೇರಿದರೆ ಒಂದು ಉಂಗುರ, ಹಲವು ಉಂಗುರ ಸೇರಿದರೆ ಒಂದು ಗಟಾರ.

ಇದು ನನ್ನ ತಲೆ ಹೊಕ್ಕಿದ್ದು ನಮ್ಮವ್ವನ ಫೋನಿನಿಂದ. ನಾನು ಓದಿದ್ದು ಸಿವಿಲ್, ಬೆಂಗಳೂರಲ್ಲಿ ಹೊಟ್ಟೆ ಹೊರೆಯೋದು ಕೋಡ್ ಬರೆದು. ಊರು ಕುಷ್ಟಗಿ ತಾಲ್ಲೂಕಿನ ಹನುಮಸಾಗರ. ವಾರಕ್ಕೊಮ್ಮೆ ಫೋನ್ ಮಾಡಿದಾಗ ಮಳಿ, ರೇಟು, ಯಾರ ಮದುವಿ ಇವೆಲ್ಲ ಮುಗಿದ ಮೇಲೆ ಅವ್ವ ಗಟಾರಕ್ಕೆ ಬರ್ತಾಳೆ. "ಮನಿಗೆ ನಳ ಬಂದ ಮ್ಯಾಲೆ ನೀರಿನ ತ್ರಾಸ ಹೋತು, ಗಟಾರದ ತ್ರಾಸ ಬಂತು ನೋಡು. ನೀ ಓದಿದ್ದು ಇದನ್ನ ಅಲ್ಲೇನು?"

ಓದಿದ್ದು ಇದನ್ನೇ. ಹಾಗಾಗಿ ಹಳೇ ಪುಸ್ತಕ ತೆಗೆದೆ.

ಮೊದಲು ಕಟ್ಟುವ ಬಗೆ ನೋಡೋಣ. ಪ್ರತಿ ತುಂಡಿನ ಒಂದು ಅಂಚಿನಲ್ಲಿ ನಾಲಿಗೆಯಂಥ ಉಬ್ಬು, ಇನ್ನೊಂದು ಅಂಚಿನಲ್ಲಿ ಆ ಉಬ್ಬು ಕೂರುವ ತೋಡು. ಮೊದಲು ಕಾಲುವೆ ತೋಡಿ, ಅದರ ತಳವನ್ನು ಗಟಾರದ ಹೊರಮೈಗೆ ಸರಿಯಾಗಿ ದುಂಡಗೆ ಕೆತ್ತುತ್ತಾರೆ. ಅದರ ನಟ್ಟನಡುವೆ ತಳದ ತುಂಡು ಕೂರತ್ತೆ. ಇಳಿಜಾರು, ನೇರ, ಮಟ್ಟ ಎಲ್ಲ ತೀರ್ಮಾನ ಆಗೋದು ಆ ಒಂದು ತುಂಡಿನಲ್ಲಿ. ಅದು ಅರ್ಧ ಇಂಚು ತಪ್ಪಿದರೆ ಮುಂದಿನ ಯಾವ ತುಂಡೂ ಅದನ್ನು ಸರಿ ಮಾಡಲ್ಲ. ಆಮೇಲೆ ಅದರ ಎಡಕ್ಕೊಂದು, ಬಲಕ್ಕೊಂದು ತುಂಡು ಏರುತ್ತಾ ಅರ್ಧ ಸುತ್ತು ಮುಗಿಯತ್ತೆ. ಮೇಲಿನ ಅರ್ಧಕ್ಕೆ ಕಟ್ಟಿಗೆಯ ಸೆಂಟ್ರಿಂಗ್ ಬೇಕು, ಮನೆಯ ಸ್ಲ್ಯಾಬಿಗೆ ಹಾಕ್ತಾರಲ್ಲ ಹಾಗೆ, ಆದರೆ ಬಾಗಿದ್ದು. ನೆತ್ತಿಯ ತುಂಡು ಕೂತ ಮೇಲೆ ಎರಡೂ ಪಕ್ಕಕ್ಕೆ ಮಣ್ಣನ್ನು ಸಮನಾಗಿ ಗುದ್ದಿ ತುಂಬಬೇಕು. ಒಂದೇ ಕಡೆ ತುಂಬಿದರೆ ಉಂಗುರ ವಾಲತ್ತೆ. ಸರಿಯಾಗಿ ತುಂಬಿದರೆ ಮೇಲಿನ ಮಣ್ಣಿನ ಭಾರವೇ ತುಂಡುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯತ್ತೆ. ಕಮಾನಿನ ಗುಟ್ಟು ಇಷ್ಟೇ.

ಒಂದು ಉಂಗುರದ ಜಾಯಿಂಟು ಪಕ್ಕದ ಉಂಗುರದ ಜಾಯಿಂಟಿಗೆ ಎದುರಾಗದ ಹಾಗೆ ಜರುಗಿಸಿ ಜೋಡಿಸ್ತಾರೆ, ಇಟ್ಟಿಗೆ ಗೋಡೆ ಕಟ್ಟಿದ ಹಂಗೆ.

ಇಷ್ಟೆಲ್ಲ ಯಾಕೆ, ಒಂದು ದೊಡ್ಡ ಪೈಪ್ ಇಳಿಸಿದರೆ ಮುಗೀತಲ್ಲ ಅಂತೀರಾ? ಆಗ ಅಷ್ಟು ದೊಡ್ಡ ಪೈಪ್ ಮಾಡೋದೂ ಕಷ್ಟ, ಸಾಗಿಸೋದೂ ಕಷ್ಟ. ಇದ್ದದ್ದು ಇಟ್ಟಿಗೆ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತಕ್ಕೆ ಲಂಡನ್ನಿನ ಪಾರ್ಲಿಮೆಂಟೇ ತತ್ತರಿಸಿದ ಮೇಲೆ ಜೋಸೆಫ್ ಬಜಲ್ಗೆಟ್ ಅನ್ನೋ ಎಂಜಿನಿಯರ್ ಅಲ್ಲಿ ಸುಮಾರು 132 ಕಿಲೋಮೀಟರ್ ಮುಖ್ಯ ಒಳಚರಂಡಿ ಕಟ್ಟಿಸಿದ. ಆ ಇಡೀ ಯೋಜನೆಗೆ ಬಳಸಿದ ಇಟ್ಟಿಗೆ ಸುಮಾರು 31 ಕೋಟಿ 80 ಲಕ್ಷ ಅಂತ ಲೆಕ್ಕ. ಅಷ್ಟು ಇಟ್ಟಿಗೆ ಅಂದರೆ ಅದಕ್ಕಿಂತ ಹೆಚ್ಚು ಜಾಯಿಂಟು. ಪ್ರತಿ ಜಾಯಿಂಟಿನ ಗಾರೆ ನುರಿತ ಗೌಂಡಿಯ ಕೈಯಿಂದಲೇ ಆಗಬೇಕು. ಕಚ್ಚಿನ ತುಂಡುಗಳು ಬಂದದ್ದು ಈ ತಲೆನೋವಿಗೆ ಮದ್ದಾಗಿ. ತುಂಡು ದೊಡ್ಡದಾದಷ್ಟೂ ಜಾಯಿಂಟು ಕಡಿಮೆ, ಆಕಾರ ಭಟ್ಟಿಯಲ್ಲೇ ತೀರ್ಮಾನ ಆಗಿರತ್ತೆ, ಟೊಳ್ಳಿರೋದರಿಂದ ಕೈಯಲ್ಲಿ ಎತ್ತಿ ಕೂರಿಸಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕಷ್ಟದ ಕೆಲಸವನ್ನೆಲ್ಲ ಸೈಟಿನಿಂದ ಫ್ಯಾಕ್ಟರಿಗೆ ಸರಿಸಿದರು. ಸೈಟಿನಲ್ಲಿ ಉಳಿದದ್ದು ಇಂಟರ್‌ಫೇಸ್ ಮಾತ್ರ.

ಈ ಯೋಚನೆ ನಮಗೆ ಹೊಸದಲ್ಲ. ಹನುಮಸಾಗರದಿಂದ ಸುಮಾರು ಮೂರು ತಾಸಿನ ದಾರಿ ಹಂಪಿ. ಅಲ್ಲಿನ ರಾಜರ ಆವರಣದ ಮೆಟ್ಟಿಲು ಪುಷ್ಕರಣಿಯಲ್ಲಿ ನೀವೂ ಸೆಲ್ಫಿ ತೆಗೆದಿರ್ತೀರಿ. 1980ರ ದಶಕದ ಉತ್ಖನನದಲ್ಲಿ ಹೊರಬಂದ ಐದು ಹಂತದ ಹೊಂಡ ಅದು. ಮುಂದಿನ ಸಲ ಹೋದಾಗ ಕಪ್ಪು ಕಲ್ಲುಗಳನ್ನು ಹತ್ತಿರದಿಂದ ನೋಡಿ. ಯಾವ ದಿಕ್ಕು, ಯಾವ ಸಾಲು, ಎಷ್ಟನೇ ಕಲ್ಲು ಅಂತ ಕೆತ್ತಿದ ಗುರುತುಗಳಿವೆ. ಕಲ್ಲುಗಳನ್ನು ಬೇರೆಡೆ ಕಡೆದು, ಗುರುತು ಹಾಕಿ, ತಂದು ಇಲ್ಲಿ ಜೋಡಿಸಿದ್ದು. ಪಕ್ಕದಲ್ಲೇ ಕಂಬಗಳ ಮೇಲೆ ಸಾಲಾಗಿ ಇಟ್ಟ ಕಲ್ಲಿನ ದೋಣಿಗಳಲ್ಲಿ ನೀರು ಹರಿಸಿದ ಕಾಲುವೆಯೂ ಇದೆ. ಅದು ಶುದ್ಧ ನೀರಿನದ್ದು, ಗಟಾರ ಅಲ್ಲ, ನಿಜ. ಆದರೆ ತುಂಡು ತುಂಡಾಗಿ ಮಾಡಿ ಒಂದೇ ಹರಿವಾಗಿ ಜೋಡಿಸೋ ವಿದ್ಯೆ ಅದೇ. ಇವತ್ತು ನಮ್ಮ ಮೆಟ್ರೋದ ಸುರಂಗದೊಳಗೆ ಹೋಗುವಾಗ ನಮ್ಮ ಸುತ್ತ ಇರೋದೂ ಕಾಂಕ್ರೀಟ್ ತುಂಡುಗಳ ಉಂಗುರವೇ. ಕೊನೆಯಲ್ಲಿ ಕೂರುವ ಸಣ್ಣ ತುಂಡಿಗೆ 'ಕೀ' ಅಂತಲೇ ಹೆಸರು.

ಹಾಗಾದರೆ ಬ್ಲಾಕಿನ ಗಟಾರ ಯಾಕೆ ಮರೆಯಾಯಿತು? ಪೈಪ್ ಗೆದ್ದಿತು. 1910ರಲ್ಲಿ ಆಸ್ಟ್ರೇಲಿಯಾದ ವಾಲ್ಟರ್ ಹ್ಯೂಮ್ ಕಾಂಕ್ರೀಟನ್ನು ತಿರುಗುವ ಅಚ್ಚಿನಲ್ಲಿ ಹಾಕಿ ಪೈಪ್ ಮಾಡೋದು ಕಂಡುಹಿಡಿದ. (ಹ್ಯೂಮ್ ಪೈಪ್ ಅಂತೀವಲ್ಲ, ಅದು ಈ ಪುಣ್ಯಾತ್ಮನ ಹೆಸರು.) 1926ರಲ್ಲಿ ಅದನ್ನು ತಯಾರಿಸುವ ಕಂಪನಿ ನಮ್ಮ ದೇಶದಲ್ಲೇ ಶುರುವಾಯಿತು. ಮೀಟರುಗಟ್ಟಲೆ ಉದ್ದಕ್ಕೆ ಒಂದೇ ಜಾಯಿಂಟು ಅಂದ ಮೇಲೆ ತುಂಡುಗಳಿಗೆ ಉಳಿಗಾಲ ಎಲ್ಲಿ? ಜಾಯಿಂಟು ಅಂದರೆ ಸೋರಿಕೆ. ಬೇವಿನ, ಆಲದ ಬೇರು ಒಳಗೆ ನುಗ್ಗೋದೂ ಅಲ್ಲಿಂದಲೇ. ನಮ್ಮ ಕಡೆ ಇನ್ನೊಂದು ಕಾಟ, ಎರೆ ಮಣ್ಣು. ಬೇಸಿಗೆಗೆ ಬಿರುಕು ಬಿಡತ್ತೆ, ಮಳೆಗೆ ಉಬ್ಬತ್ತೆ. ಕೆಳಗೆ ಗರಸು, ಮರಳು ಹಾಸದೆ ಜೋಡಿಸಿದ ಯಾವ ಕಚ್ಚೂ ಅಲ್ಲಿ ನಾಲ್ಕು ಮಳೆಗಾಲ ತಡೆಯಲ್ಲ ಅನ್ನೋದು ನನ್ನ ಅಂದಾಜು.

ಆದರೆ ಪೈಪ್ ಗೆದ್ದಾಗ ಒಂದು ಒಳ್ಳೇ ಗುಣ ಕಳಕೊಂಡೆವು. ಮುಚ್ಚಿದ ಗಟಾರದಲ್ಲಿ ಹೊಲಸು ನಿಂತು ಕೊಳೆತರೆ ಕೊಳೆತ ಮೊಟ್ಟೆಯ ನಾತದ ಗ್ಯಾಸ್ ಹುಟ್ಟತ್ತೆ, ಹೈಡ್ರೋಜನ್ ಸಲ್ಫೈಡ್. ಅದು ಮೇಲೆದ್ದು ಗಟಾರದ ಒದ್ದೆ ನೆತ್ತಿಗೆ ಅಂಟಿದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಸಲ್ಫ್ಯೂರಿಕ್ ಆಸಿಡ್ ಮಾಡತ್ತೆ. ಆಸಿಡ್ ಸಿಮೆಂಟನ್ನು ನಿಧಾನಕ್ಕೆ ತಿನ್ನತ್ತೆ. ಸೆಕೆ ಹೆಚ್ಚಿದ್ದಷ್ಟೂ ಈ ಕೆಲಸ ಜೋರು. ಕೊಪ್ಪಳ ಜಿಲ್ಲೆಯ ಏಪ್ರಿಲ್-ಮೇ ಗೊತ್ತಲ್ಲ. ಗಾಜಿನಂಥ ಮೈ ಬರುವವರೆಗೆ ಸುಟ್ಟ ಮಣ್ಣಿನ ಬ್ಲಾಕಿಗೆ ಈ ಆಸಿಡ್ ಏನೂ ಮಾಡಲ್ಲ. ಉಪ್ಪಿನಕಾಯಿಯನ್ನು ಅಜ್ಜಿ ಭರಣಿಯಲ್ಲೇ ಯಾಕೆ ಹಾಕ್ತಿದ್ದಳು ಅಂತ ನೆನಪು ಮಾಡಿಕೊಳ್ಳಿ, ಹೆಚ್ಚುಕಡಿಮೆ ಅದೇ ಜಾತಿಯ ವಸ್ತು. ಗ್ರಾನೈಟ್ ಕೂಡ ಆಸಿಡ್‌ಗೆ ಜಗ್ಗಲ್ಲ, ಅದು ನಮ್ಮ ಕುಷ್ಟಗಿ-ಇಳಕಲ್ ಸೀಮೆಯಲ್ಲೇ ಇದೆ. ನಾವು ಗಟಾರಕ್ಕೆ ಮುಚ್ಚೋದು ಮಾತ್ರ ಶಹಾಬಾದ್ ಫರಸಿ. ಅದು ಸುಣ್ಣದ ಕಲ್ಲು, ಆಸಿಡ್ ಬಿದ್ದರೆ ಕರಗುವ ಜಾತಿ. ತೆರೆದ ಚರಂಡಿಗೆ ಪರವಾಗಿಲ್ಲ, ಗಾಳಿಯಾಡತ್ತೆ. ಪೂರ್ತಿ ಮುಚ್ಚುವಾಗ ಯೋಚನೆ ಮಾಡಬೇಕು.

ಈಗ ನಮ್ಮ ಓಣಿಯ ಲೆಕ್ಕ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ನಿನ ಗುರಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್. ಅದರಲ್ಲಿ ನೂರಕ್ಕೆ 80 ಭಾಗ ಬಚ್ಚಲು, ಮುಸುರೆ ಅಂತ ಹೊರಗೆ ಬರತ್ತೆ ಅನ್ನೋದು ಎಂಜಿನಿಯರುಗಳ ರೂಢಿಯ ಲೆಕ್ಕ, ಅಂದರೆ 220 ಲೀಟರ್. ನೂರು ಮನೆಯ ಓಣಿಗೆ ದಿನಕ್ಕೆ 22,000 ಲೀಟರ್. ಕೇಳಲಿಕ್ಕೆ ದೊಡ್ಡದು. ಆದರೆ ದಿನವಿಡೀ ಹಂಚಿದರೆ ಸೆಕೆಂಡಿಗೆ ಕಾಲು ಲೀಟರ್ ಅಷ್ಟೇ. ಬೆಳಗಿನ ಗದ್ದಲದ ಹೊತ್ತಿಗೆ ಮೂರು ಪಟ್ಟು ಅಂದುಕೊಂಡರೂ ಮುಕ್ಕಾಲು ಲೀಟರ್.

ಸಣ್ಣದೊಂದು ಸ್ಕ್ರಿಪ್ಟ್ ಬರೆದು ಮ್ಯಾನಿಂಗ್ ಸೂತ್ರಕ್ಕೆ ಈ ಅಂಕಿ ಕೊಟ್ಟೆ. ನಮ್ಮ ಕಡೆ ಎಲ್ಲೆಲ್ಲೂ ಕಾಣೋದು ಚಪ್ಪಟೆ ತಳದ ಗಟಾರ. ಒಂದೂವರೆ ಅಡಿ ಅಗಲ, 200 ಅಡಿಗೆ 1 ಅಡಿ ಇಳಿಜಾರು ಅಂತ ಹಿಡಿದರೆ ಬೆಳಗಿನ ಹೊತ್ತಲ್ಲೂ ನೀರಿನ ಆಳ ಒಂದು ಸೆಂಟಿಮೀಟರ್ ಮುಟ್ಟಲ್ಲ, ವೇಗ ಸೆಕೆಂಡಿಗೆ ಸುಮಾರು 0.2 ಮೀಟರ್. ಕೆಸರು ತಂತಾನೇ ತೊಳೆದುಕೊಂಡು ಹೋಗಬೇಕಾದರೆ 0.6 ಮೀಟರ್ ವೇಗ ಬೇಕು ಅನ್ನೋದು ನಿಯಮ. ಅದೇ ನೀರನ್ನು ಅದೇ ಇಳಿಜಾರಿನಲ್ಲಿ ಅರ್ಧ ಅಡಿ ಅಗಲದ ದುಂಡು ತಳಕ್ಕೆ ಬಿಟ್ಟರೆ ಆಳ ಸುಮಾರು 3 ಸೆಂಟಿಮೀಟರ್, ವೇಗ 0.3ಕ್ಕೆ ಏರತ್ತೆ. ಆಳ ಮೂರು ಪಟ್ಟಿಗಿಂತ ಹೆಚ್ಚಾಯಿತು. ಟೀ ಪುಡಿ, ಅನ್ನದ ಅಗುಳು, ಸೋಪಿನ ಜಿಡ್ಡು ತಳ ಹಿಡಿಯೋ ಬದಲು ತೇಲಿಕೊಂಡು ಹೋಗೋಕೆ ದಾರಿ ಸಿಕ್ಕಿತು. ಬರೀ ಆಕಾರದಿಂದ 0.6 ಬರಲ್ಲ, ಇಳಿಜಾರೂ ಬೇಕು. ಆದರೆ ಇಳಿಜಾರು ಊರಿನ ನೆಲ ಕೊಟ್ಟಷ್ಟೇ ಸಿಗತ್ತೆ, ಆಕಾರ ನಮ್ಮ ಕೈಲಿದೆ. ಲಂಡನ್ನಿನ ಗಟಾರಗಳಿಗೆ ಮೊಟ್ಟೆಯ ಆಕಾರ, ಚೂಪು ತುದಿ ಕೆಳಗೆ, ಅಂತ ಕೊಟ್ಟದ್ದು ಇದಕ್ಕೇ. ನೀರು ಕಡಿಮೆ ಇದ್ದಾಗಲೂ ಇಕ್ಕಟ್ಟಿನಲ್ಲಿ ಓಡಲಿ ಅಂತ.

ತಳ ಹಿಡಿದ ಹೊಲಸನ್ನು ಯಾರಾದರೂ ತೆಗೀಬೇಕಲ್ಲ. ತೆರೆದ ಗಟಾರದಲ್ಲಿ ಸಲಿಕೆ ಹಿಡಿದು ನಿಲ್ಲೋರು ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಯಾವ ಓಣಿಯವರು ಅಂತಲೂ ಗೊತ್ತು. ಮುಚ್ಚಿದ ಗಟಾರದಲ್ಲಿ ಅದೇ ಮನುಷ್ಯ ಮ್ಯಾನ್‌ಹೋಲ್ ಒಳಗೆ ಇಳೀತಾನೆ, ಮೇಲೆ ಹೇಳಿದ ಗ್ಯಾಸ್ ಅಲ್ಲೇ ಕಾದಿರತ್ತೆ. ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಈ ಪದ್ಧತಿಯ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 2013ರ ಕಾಯ್ದೆ ರಕ್ಷಣೆ ಇಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸೋದನ್ನು ಅಪರಾಧ ಅನ್ನತ್ತೆ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಕಾಯ್ದೆ ಬರೋದು ಮನುಷ್ಯ ಇಳಿಯುವ ಪ್ರಸಂಗ ಬಂದ ಮೇಲೆ. ಆ ಪ್ರಸಂಗ ಬರತ್ತೋ ಇಲ್ಲವೋ ಅನ್ನೋದರ ದೊಡ್ಡ ಪಾಲು ಗಟಾರ ಕಟ್ಟುವ ದಿನ, ತಳ ಹಾಕುವಾಗಲೇ ತೀರ್ಮಾನ ಆಗಿರತ್ತೆ. ನನಗೆ ಈ ಹಳೇ ಬ್ಲಾಕುಗಳ ಮೇಲೆ ಪ್ರೀತಿ ಬಂದದ್ದು ಈ ಕಾರಣಕ್ಕೆ. ಅಲ್ಲಿ ತಳದ ತುಂಡನ್ನೇ ಮೊದಲು ಯೋಚಿಸಿದ್ದರು.

ಹಾಗಂತ ಹನುಮಸಾಗರದ ಓಣಿಗೆ ಆಳೆತ್ತರದ ಬ್ಲಾಕ್ ಗಟಾರ ಕಟ್ಟಿ ಅಂತ ನಾನು ಹೇಳಲ್ಲ. ಸೆಕೆಂಡಿಗೆ ಮುಕ್ಕಾಲು ಲೀಟರ್ ನೀರಿಗೆ ಅದು ಹುಚ್ಚುತನ. ತಳದ ತುಂಡು ಮಾತ್ರ ಸಾಕು. ಯುಗಾದಿಗೆ ಊರಿಗೆ ಹೋದಾಗ ನಮ್ಮ ಮನೆ ಕಟ್ಟಿದ ಗೌಂಡಿ ಕಾಕಾನನ್ನು ಕೇಳಿದೆ.

"ಕಾಕಾ, ಎರಡಡಿ ಉದ್ದದ, ಒಳಗ ದುಂಡಗಿರೋ ಸಿಮೆಂಟ್ ತುಂಡು, ಒಂದ ತುದಿಗೆ ನಾಲಿಗಿ, ಇನ್ನೊಂದ ತುದಿಗೆ ತೋಡು. ಅಚ್ಚಿನ್ಯಾಗ ಹಾಕಾಕ ಆಗತೈತೇನು?"

"ಯಾಕಾಗಂಗಿಲ್ಲ ತಮ್ಮಾ? ಕಂಪೌಂಡಿನ ಜಾಳಿಗಿ ಅಚ್ಚಿನ್ಯಾಗ ಹಾಕಂಗಿಲ್ಲೇನು? ಪೈಪ್ ಸೀಳಿ ಬೋರಲ ಇಟ್ರ ಅಚ್ಚು ಆತು. ಆದ್ರ ಏಳೆಂಟ್ ದಿನ ನೀರುಣಿಸಬೇಕು. ಬಿಲ್ ಆಗೂ ಅವಸರದಾಗ ಯಾರ್ ಕಾಯ್ತಾರ?"

"ಇದ್ದ ಗಟಾರದ ತಳದಾಗ ಕೂಡ್ರಿಸಬಹುದಾ?"

"ಮಟ್ಟ ಹಿಡದ ಕೂಡ್ರಿಸಿ ಎರಡೂ ಬಾಜೂ ಗಿಲಾವ್ ಇಳಿಜಾರ ಮಾಡಿದ್ರ ಆತು. ಒಡದ್ರ ಒಂದ ತುಂಡ ಕಿತ್ತು ಬ್ಯಾರೇದ ಇಡಬಹುದು. ಈಗಿಂದು ಒಡದ್ರ ಹತ್ತ ಮಾರು ಒಡೀಬೇಕು."

ಅಷ್ಟರಲ್ಲಿ ಅವ್ವ ಒಳಗಿನಿಂದ ಕೂಗಿದಳು: "ಮೊದಲ ಗಟಾರಕ್ಕ ಪ್ಲಾಸ್ಟಿಕ್ ಒಗಿಯೂದ ನಿಲ್ಲಸಾಕ ಹೇಳ್ರಿ ಮಂದಿಗೆ." ಅದಕ್ಕೆ ಅಚ್ಚು ಮಾಡೋದು ನನಗೂ ಗೊತ್ತಿಲ್ಲ, ಕಾಕಾನಿಗೂ ಗೊತ್ತಿಲ್ಲ. ಒಟ್ಟಿನಲ್ಲಿ ಕಾಕಾ ಹಳೇ ಅರ್ಧ ಅಡಿ ಪೈಪೊಂದನ್ನು ಉದ್ದಕ್ಕೆ ಸೀಳಿ ಮೂರು ತುಂಡು ಹಾಕಿಕೊಟ್ಟಿದ್ದಾನೆ. ಸದ್ಯ ಅವು ನಮ್ಮ ಬಚ್ಚಲ ನೀರು ಗಟಾರಕ್ಕೆ ಸೇರುವ ಆರಡಿ ಜಾಗದಲ್ಲಿ ಕೂತಿವೆ. ಅವ್ವ ದಿನಾ ನೋಡಿ ವಾರಕ್ಕೊಮ್ಮೆ ಫೋಟೋ ಕಳಿಸ್ತಾಳೆ. ಮೂರನೇ ತುಂಡಿನ ಜಾಯಿಂಟಿನಲ್ಲಿ ಸ್ವಲ್ಪ ಟೀ ಪುಡಿ ನಿಲ್ತಿದೆ. ಅಲ್ಲಿ ಎರಡು ತುಂಡಿನ ನಡುವೆ ಮಟ್ಟ ಒಂದು ನೂಲು ತಪ್ಪಿದೆ ಅಂತ ಕಾಣತ್ತೆ.