ಬಾಲಾಪರಾಧದ ಲೇಖ್ಯಗಳು: ರಕ್ಷಣ, ಪ್ರಕಟನ, ವಿನಾಶ

ವ್ಯವಹಾರನಿರ್ಣಯದಲ್ಲಿ ಲೇಖ್ಯವು ಮುಖ್ಯಪ್ರಮಾಣಗಳಲ್ಲೊಂದೆಂದು ಧರ್ಮಶಾಸ್ತ್ರಕಾರರು ಹೇಳಿರುವರು. ಪ್ರಮಾಣವಾದುದನ್ನು ಕಾಪಾಡತಕ್ಕದ್ದೆಂಬುದು ಸಾಮಾನ್ಯನಿಯಮ. ಬಾಲಾಪರಾಧದ ಲೇಖ್ಯಗಳಿಗಾದರೋ ರಕ್ಷಣವೆಷ್ಟು ವಿಹಿತವೋ, ಕಾಲ ಬಂದಾಗ ವಿನಾಶವೂ ಅಷ್ಟೇ ವಿಹಿತವಾಗಿರುವುದು. ಈ ಅಪವಾದದ ಕಾರಣವನ್ನು ಇಲ್ಲಿ ವಿಚಾರಿಸುವೆವು.

ಬಾಲ್ಯದ ದೋಷವನ್ನು ಪ್ರೌಢನ ಮೇಲೆ ಹೊರಿಸಬಾರದೆಂಬ ಭಾವನೆಯು ನಮ್ಮಲ್ಲಿ ಹೊಸತಲ್ಲ. ನಾರದಸ್ಮೃತಿಯು 8 ವರ್ಷದವರೆಗಿನ ಶಿಶುವನ್ನು ಗರ್ಭಸ್ಥನಿಗೆ ಸಮಾನನೆಂದೂ, 16ರವರೆಗೆ ಬಾಲನೆಂದೂ ಗಣಿಸುತ್ತದೆ. ಆದಿಪರ್ವದ ಮಾಂಡವ್ಯನು, ಎಳೆತನದಲ್ಲಿ ಕೀಟಗಳಿಗೆ ಹುಲ್ಲುಕಡ್ಡಿ ಚುಚ್ಚಿದುದೇ ತನ್ನ ಶೂಲಾರೋಹಣಕ್ಕೆ ಕಾರಣವೆಂದು ತಿಳಿದು, ಧರ್ಮದೇವತೆಯನ್ನೇ ಶಪಿಸಿ, 14 ವರ್ಷದವರೆಗೆ ಮಾಡಿದುದು ಪಾತಕವಾಗದೆಂಬ ಮರ್ಯಾದೆಯನ್ನು ಸ್ಥಾಪಿಸಿದನು. ಅಳಿಸದೆ ಉಳಿದ ಲೆಕ್ಕದಿಂದ ಒದಗುವ ಅನ್ಯಾಯಕ್ಕೆ ಇದು ಉತ್ತಮ ನಿದರ್ಶನ.

ಭಾರತದ 2015ನೆಯ ಬಾಲನ್ಯಾಯ ಅಧಿನಿಯಮವು 18 ವರ್ಷ ತುಂಬದವರೆಲ್ಲರಿಗೂ ಗೋಪ್ಯತೆ, ನೂತನಾರಂಭ ಎಂಬೆರಡು ತತ್ತ್ವಗಳನ್ನು ವಿಧಿಸಿದೆ. ಬಾಲನ ಮನೆಯ ಸ್ಥಿತಿ, ವಿದ್ಯಾಭ್ಯಾಸ, ಸಹವಾಸ ಮೊದಲಾದವುಗಳ ವರದಿಯಿಲ್ಲದೆ ಬಾಲನ್ಯಾಯ ಮಂಡಳಿಯು ಅವನ ಹಿತವನ್ನು ನಿಶ್ಚಯಿಸಲಾರದು. ಆದುದರಿಂದ ರಕ್ಷಣವು ಅವಶ್ಯಕ. ಆದರೆ 99ನೆಯ ಪ್ರಕರಣದ ಮೇರೆಗೆ ಆ ವರದಿಗಳು ಗೋಪ್ಯವಾದವು. ಅವುಗಳ ಸಾರವನ್ನು ಮತ್ತೊಂದು ಮಂಡಳಿಗೆ ಅಥವಾ ಮಕ್ಕಳ ಸಮಿತಿಗೆ, ಬಾಲನಿಗೆ, ಅವನ ಪೋಷಕರಿಗೆ ತಿಳಿಸಬಹುದು. ನೊಂದವರಿಗೂ ದಾಖಲೆಯನ್ನು ನಿರಾಕರಿಸಲಾಗದು. 74ನೆಯ ಪ್ರಕರಣವು ಬಾಲನ ಗುರುತನ್ನು ಪತ್ರಿಕೆಗಳಲ್ಲಿ ಪ್ರಕಟಿಸುವುದನ್ನೂ, ಮುಗಿದ ಮೊಕದ್ದಮೆಯನ್ನು ಪೊಲೀಸರು ನಡತೆಯ ಪ್ರಮಾಣಪತ್ರದಲ್ಲಿ ತೋರಿಸುವುದನ್ನೂ ನಿಷೇಧಿಸುತ್ತದೆ. ಉಲ್ಲಂಘಿಸಿದವರಿಗೆ 6 ತಿಂಗಳವರೆಗೆ ಸೆರೆ, 2 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಉಂಟು.

ವಿನಾಶದ ವಿಧಿಯಾದರೋ 24ನೆಯ ಪ್ರಕರಣದಲ್ಲಿದೆ. 2016ನೆಯ ಮಾದರಿ ನಿಯಮಗಳಂತೆ ಮೇಲ್ಮನವಿಯ ಅವಧಿ ತೀರುವವರೆಗೆ ಇಲ್ಲವೆ 7 ವರ್ಷದವರೆಗೆ ಮಾತ್ರ ದಾಖಲೆಯನ್ನಿರಿಸಿ, ಬಳಿಕ ನಾಶಪಡಿಸತಕ್ಕದ್ದು. 16 ವರ್ಷ ಮೀರಿದವನು ಘೋರಾಪರಾಧಕ್ಕಾಗಿ ಪ್ರೌಢನಂತೆ ವಿಚಾರಿತನಾಗಿ ದೋಷಿಯೆನಿಸಿದಲ್ಲಿ ಮಕ್ಕಳ ನ್ಯಾಯಾಲಯವು ಅದನ್ನು ಉಳಿಸಿಕೊಳ್ಳುವುದು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮಂಡಳಿಯ ಕಡತವು ನಾಶವಾದರೂ, ಠಾಣೆಯ ಪುಸ್ತಕದಲ್ಲಿಯೋ ಗಣಕಯಂತ್ರದಲ್ಲಿಯೋ ಒಂದು ಪ್ರತಿ ಉಳಿದರೆ ವಿನಾಶವು ಸಿದ್ಧಿಸಲಿಲ್ಲ. ನಾಶದ ಆಜ್ಞೆಯನ್ನು ಮಂಡಳಿಯು ಪೊಲೀಸರಿಗೆ ಕೊಡಬೇಕೆಂದು ಶಾಸನವು ಹೇಳಿರುವುದರ ಅಭಿಪ್ರಾಯವಿದೇ. ಯಾವ ಪ್ರತಿ ಯಾರ ಕೈಸೇರಿತೆಂಬುದನ್ನು ಕೊಡುವಾಗಲೇ ಬರೆದಿರಿಸದಿದ್ದರೆ, ಅಳಿಸುವ ಕಾಲದಲ್ಲಿ ಅದನ್ನು ಅರಸುವ ಬಗೆಯೇ ಇರದು. ಆಗ ಉದ್ಯೋಗವನ್ನು ಬೇಡಿ ಬಂದ ಪ್ರೌಢನೆದುರು ಅವನ ಬಾಲ್ಯವೇ ಸಾಕ್ಷಿಯಾಗಿ ನಿಲ್ಲುವುದು. ಆದಕಾರಣ ಪ್ರಕಟನದಲ್ಲಿ ಮಿತವೇ ವಿನಾಶಕ್ಕೆ ಸಾಧನವೆಂದು ತಿಳಿಯತಕ್ಕದ್ದು.