ಎರಡನೆಯ ಆಸನ ಬರಿದಾದ ಮೇಲೆ

ಬೆಳಗಿನ ಆರು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ದಿಂಬಂ ಘಾಟಿಯನ್ನು ಇಳಿಯಬೇಕಾದ ಲಾರಿಗಳು ಹಾಸನೂರಿನ ಕಡೆಯಲ್ಲಿ ರಸ್ತೆಯ ಬದಿಗೆ ಸಾಲುಗಟ್ಟಿ ನಿಲ್ಲುತ್ತವೆ. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹಾಯುವ ಈ ದಾರಿಯಲ್ಲಿ ಸರಕು ವಾಹನಗಳ ರಾತ್ರಿ ಸಂಚಾರಕ್ಕೆ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿ 10ರಿಂದ ತಡೆ ಬಿದ್ದಿದೆ. ಕಾಯುವ ಹೊತ್ತಿನಲ್ಲಿ ಅನುಭವಸ್ಥ ಚಾಲಕನು ಸುಮ್ಮನೆ ಕೂರುವುದಿಲ್ಲ. ಕಬ್ಬಿಣದ ಸರಳಿನಿಂದ ಒಂದೊಂದು ಟೈರನ್ನೂ ಬಡಿದು ಸದ್ದು ಕೇಳುತ್ತಾನೆ; ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿದೆಯೇ ಎಂದು ಬಗ್ಗಿ ನೋಡುತ್ತಾನೆ; ತಾಡಪಾಲಿನ ಹಗ್ಗವನ್ನು ಮತ್ತೊಮ್ಮೆ ಜಗ್ಗುತ್ತಾನೆ. ಹಿಂದೆಲ್ಲ ಈ ಕೆಲಸಗಳನ್ನು ಮಾಡುತ್ತಿದ್ದವನು ಬೇರೊಬ್ಬ. ಅವನೇ ಕ್ಲೀನರ್. ಇಂದು ಆ ಸಾಲಿನ ಎಷ್ಟೋ ಲಾರಿಗಳಲ್ಲಿ ಅವನಿಲ್ಲ.

ತಾಳವಾಡಿ ಸೀಮೆಯ ಹುಡುಗರಿಗೆ ಲಾರಿಯ ಉದ್ಯೋಗ ಹೊಸದಲ್ಲ. ಇಲ್ಲಿಯ ಎಲೆಕೋಸು, ಆಲೂಗಡ್ಡೆ, ಕಬ್ಬು ಎಲ್ಲವೂ ಬೆಟ್ಟ ಇಳಿದೇ ಮಾರುಕಟ್ಟೆ ಸೇರಬೇಕು. ಮಳೆ ಕೈಕೊಟ್ಟ ವರ್ಷ ಹೊಲವನ್ನು ತಂದೆಗೆ ಬಿಟ್ಟು ಮಗ ಲಾರಿ ಹತ್ತುವುದು ರೂಢಿ. ಸತ್ಯಮಂಗಲದಿಂದ ಮುಂದೆ ಈರೋಡು, ಸಂಕಗಿರಿ, ನಾಮಕ್ಕಲ್ ಎಂದು ಸಾಗಿದರೆ ದಕ್ಷಿಣ ಭಾರತದ ಲಾರಿ ಉದ್ಯಮದ ತವರೇ ಎದುರಾಗುತ್ತದೆ. ಅಲ್ಲಿಂದ ಹೊರಟವನು ನಾಗಪುರ, ದಿಲ್ಲಿಗಳನ್ನು ಕಂಡು ವಾರಗಟ್ಟಲೆ ಕಳೆದು ಮರಳುತ್ತಾನೆ. ಬದಲಾಗಿರುವುದು ಆ ಉದ್ಯೋಗವನ್ನು ಕಲಿಯುವ ಬಗೆ.

ಹಳೆಯ ಬಗೆಯಲ್ಲಿ ಹುಡುಗನು ಮೊದಲು ಕ್ಲೀನರ್ ಆಗುತ್ತಿದ್ದ. ಗಾಜು ಒರೆಸುವುದು, ನೀರು ಮತ್ತು ಆಯಿಲ್ ನೋಡುವುದು, ಏರಿನಲ್ಲಿ ನಿಂತ ಗಾಡಿಯ ಚಕ್ರಕ್ಕೆ ಕಲ್ಲು ಕೊಡುವುದು, ಹಿಂದಕ್ಕೆ ತೆಗೆಯುವಾಗ ಕೆಳಗಿಳಿದು “ಬರಲಿ, ಬರಲಿ, ಹೋಲ್ಡಾನ್” ಎಂದು ಕೂಗುವುದು ಅವನ ಪಾಲು. ನಡುರಾತ್ರಿ ಚಾಲಕನ ಕಣ್ಣೆವೆ ಭಾರವಾಗದಂತೆ ಮಾತು ಬೆಳೆಸುವುದೂ ಅವನ ಪಾಲೇ. ಎರಡು ಮೂರು ವರ್ಷ ಹೀಗೆ ಪಕ್ಕದಲ್ಲಿ ಕೂತವನಿಗೆ ಯಾವ ತಿರುವಿಗೆ ಯಾವ ಗೇರು ಎಂಬುದು ಕಿವಿಯಿಂದಲೇ ತಿಳಿಯುತ್ತಿತ್ತು. “ಗಾಳಿ ಎಷ್ಟಾಯ್ತು ನೋಡೋ ತಮ್ಮಾ” ಎಂದು ಕೇಳಿದರೆ ಮೀಟರ್ ನೋಡಿ “ಆಯ್ತಣ್ಣಾ” ಎನ್ನುವ ಹುಡುಗನಿಗೆ ಏರ್ ಬ್ರೇಕಿನ ಮೊದಲ ಪಾಠ ಅಲ್ಲಿಯೇ ಮುಗಿದಿರುತ್ತಿತ್ತು.

ಆ ಪದ್ಧತಿಯನ್ನು ಹಾಡಿ ಹೊಗಳಬೇಕಾಗಿಲ್ಲ. ಶಾಲೆ ಬಿಡಿಸಿ ತಂದ ಎಳೆಯರನ್ನು ಸಂಬಳವಿಲ್ಲದೆ ದುಡಿಸಿದ್ದುಂಟು. ಬೈಗುಳ, ಹೊಡೆತ ಸಾಮಾನ್ಯವಾಗಿದ್ದವು. ಪರವಾನಗಿ ಇಲ್ಲದ ಹುಡುಗನ ಕೈಗೆ ರಾತ್ರಿ ಖಾಲಿ ರಸ್ತೆಯಲ್ಲಿ ಸ್ಟಿಯರಿಂಗ್ ಕೊಟ್ಟು ಚಾಲಕನು ನಿದ್ದೆ ಹೋದದ್ದೂ ಉಂಟು. ಆ ಕೆಟ್ಟದ್ದು ಹೋದುದಕ್ಕೆ ಯಾರೂ ಅಳಬಾರದು. ಆದರೆ ಅದರೊಡನೆ ಕಲಿಕೆಯ ಕಾಲವೂ ಹೋಯಿತು.

ಕಾನೂನಿನ ಹಾದಿ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಭಾರೀ ಸರಕು ವಾಹನ ನಡೆಸುವವನಿಗೆ 20 ವರ್ಷ ತುಂಬಿರಬೇಕು; ಅದರ ಕಲಿಕಾ ಪರವಾನಗಿ ಪಡೆಯುವ ಮುನ್ನ ಲಘು ವಾಹನದ ಪರವಾನಗಿ ಕನಿಷ್ಠ ಒಂದು ವರ್ಷ ಕೈಯಲ್ಲಿರಬೇಕು. ಎಂಟನೆಯ ತರಗತಿಯ ನಿಬಂಧನೆಯನ್ನು 2019ರಲ್ಲಿ ತೆಗೆಯಲಾಯಿತು. ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನಕ್ಕೆ ಲಘು ವಾಹನದ ಪರವಾನಗಿಯೇ ಸಾಕೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಹಾಗಾಗಿ ಕೋಸಿನ ಮೂಟೆ ಹೊತ್ತ ಸಣ್ಣ ಗಾಡಿಯಲ್ಲಿ ಕೈ ಪಳಗಿಸಿಕೊಂಡು ದೊಡ್ಡದಕ್ಕೆ ಹೋಗಲು ದಾರಿಯಿದೆ. ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗೆ 2021ರಲ್ಲಿ ರೂಪಿಸಿದ ನಿಯಮಗಳಂತೆ ಭಾರೀ ವಾಹನದ ಪಾಠ 38 ಗಂಟೆ. ಆರು ವಾರಗಳಲ್ಲಿ ಮುಗಿಯಬೇಕು. ನಾಮಕ್ಕಲ್ಲಿನಲ್ಲಿ ಅಶೋಕ್ ಲೇಲ್ಯಾಂಡ್ ಕಂಪನಿಯ ಚಾಲಕ ತರಬೇತಿ ಸಂಸ್ಥೆಯೇ ಇದೆ. ಇವೆಲ್ಲ ಒಳ್ಳೆಯವೇ. ಆದರೆ 38 ಗಂಟೆ ಎಂದರೆ ತುಂಬಿದ ಲಾರಿ ನಾಗಪುರಕ್ಕೆ ಹೋಗಿಬರುವ ಒಂದು ಪಯಣಕ್ಕೂ ಸಾಲದಷ್ಟು ಕಾಲ.

ರಾಷ್ಟ್ರೀಯ ಪರ್ಮಿಟ್ ಇರುವ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕೆಂದು ಮೊದಲು ನಿಯಮವಿತ್ತು. ಒಬ್ಬನು ಮಲಗಲು ಹಿಂದೆ ಉದ್ದನೆಯ ಆಸನವೂ ಇರಬೇಕಿತ್ತು. ಇಬ್ಬರಿರಬೇಕೆಂಬ ಕಟ್ಟಳೆಯನ್ನು 2018ರಲ್ಲಿ ಕೈಬಿಡಲಾಯಿತು. ಬಾಡಿಗೆ ಏರದೆ ಡೀಸೆಲ್ ಮತ್ತು ಟೋಲ್ ಏರುತ್ತ ಹೋದಾಗ ಮಾಲೀಕನು ಮೊದಲು ಕೈಬಿಟ್ಟದ್ದು ಕ್ಲೀನರನ ಬಾಟಾ. ಬಳಿಕ ಎರಡನೆಯ ಚಾಲಕನ ಸಂಬಳ. ಒಂದೇ ಲಾರಿಯ ಸಾಲ ತೀರಿಸುತ್ತಿರುವ ಸಣ್ಣ ಮಾಲೀಕನನ್ನು ಇದಕ್ಕಾಗಿ ಸುಲಭವಾಗಿ ದೂರಲಾಗದು. ಆದರೂ ಅದರ ಬೆಲೆ ತೆರುವವನು ಹೊಸಬ. ಪರವಾನಗಿ ಬಂದ ಮರುತಿಂಗಳೇ ಅವನು ಒಂಟಿಯಾಗಿ ಕೂತು ತುಂಬಿದ ಗಾಡಿ ನಡೆಸಬೇಕಾಗುತ್ತದೆ.

ಆಗ ಪರೀಕ್ಷೆಗೆ ನಿಲ್ಲುವುದು ಇಳಿಜಾರು. ಲಾರಿಯನ್ನು ಹತ್ತಿಸುವುದು ಎಂಜಿನ್ನಿನ ಕೆಲಸ, ಇಳಿಸುವುದು ಚಾಲಕನ ಕೆಲಸ ಎಂದರೆ ಹೆಚ್ಚಲ್ಲ. ದಿಂಬಂ ಘಾಟಿಯಲ್ಲಿ 27 ಕಡಿದಾದ ತಿರುವುಗಳಿವೆ. ಯಾವ ಗೇರಿನಲ್ಲಿ ಹತ್ತಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಬೇಕು. ಆ ಗೇರನ್ನು ಇಳಿಜಾರು ಶುರುವಾಗುವ ಮುನ್ನವೇ ಹಾಕಿರಬೇಕು. ವೇಗ ಹಿಡಿದ ಮೇಲೆ ಕೆಳಗಿನ ಗೇರು ಸೇರುವುದಿಲ್ಲ. ಸೇರಿಸಲು ಹೋದವನ ಗಾಡಿ ನ್ಯೂಟ್ರಲ್‌ನಲ್ಲಿ ಉಳಿಯುತ್ತದೆ. ಆಮೇಲೆ ಉಳಿದದ್ದು ಬ್ರೇಕ್ ಒಂದೇ. ಬಿಡದೆ ಒತ್ತಿದ ಬ್ರೇಕಿನ ಡ್ರಮ್ ಕಾದು, ಲೈನಿಂಗ್ ಹಿಡಿತ ಕಳೆದುಕೊಂಡು, ಪೆಡಲ್ ತುಳಿದರೂ ಗಾಡಿ ನಿಲ್ಲದಾಗುತ್ತದೆ. ಮೇಲಿಂದ ಮೇಲೆ ತುಳಿದರೆ ಟ್ಯಾಂಕಿನ ಗಾಳಿಯೂ ಇಳಿಯುತ್ತದೆ. ಸುಟ್ಟ ಲೈನಿಂಗಿನ ವಾಸನೆ ಬಂದಾಗ ಎಚ್ಚರಗೊಳ್ಳುವುದು ತಡವಾದ ಎಚ್ಚರ. ಹಳಬರು ಎಕ್ಸಾಸ್ಟ್ ಬ್ರೇಕ್ ಬಳಸಿ ಎಂಜಿನ್ನಿನಿಂದಲೇ ಗಾಡಿಯನ್ನು ಹಿಡಿದಿಟ್ಟು, ಕಾಲಿನ ಬ್ರೇಕನ್ನು ತಿರುವಿಗೆಂದು ಉಳಿಸಿಕೊಳ್ಳುತ್ತಾರೆ.

ಇಷ್ಟು ತಿಳಿದೂ ನ್ಯೂಟ್ರಲ್‌ನಲ್ಲಿ ಇಳಿಸುವವರಿದ್ದಾರೆ. ಧರ್ಮಪುರಿಯಿಂದ ಸೇಲಂ ಕಡೆಗೆ ಇಳಿಯುವ ತೊಪ್ಪೂರು ಘಾಟಿಯಲ್ಲಿ ಮರುಕಳಿಸುವ ಅಪಘಾತಗಳಿಗೆ ಈ ಚಾಳಿಯೂ ಒಂದು ಕಾರಣವೆಂದು ಪೊಲೀಸರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಅದರ ಬೇರು ಲೆಕ್ಕದ ಪುಸ್ತಕದಲ್ಲಿದೆ. ಲೀಟರಿಗೆ ಇಷ್ಟು ಕಿಲೋಮೀಟರ್ ಎಂದು ಮಾಲೀಕನು ಗೊತ್ತುಮಾಡಿ ಕೊಟ್ಟ ಡೀಸೆಲ್ಲಿನಲ್ಲಿ ಉಳಿಸಿದ್ದು ಚಾಲಕನಿಗೆ, ಮೀರಿದ್ದು ಅವನ ಬಾಟಾದಿಂದ ಮುರಿತ ಎಂಬ ಏರ್ಪಾಟು ಹಲವೆಡೆ ನಡೆದುಬಂದಿದೆ. ಅದರಲ್ಲಿಯೂ ಒಂದು ವಿಪರ್ಯಾಸವುಂಟು. ಇಂದಿನ ಎಲೆಕ್ಟ್ರಾನಿಕ್ ನಿಯಂತ್ರಣದ ಡೀಸೆಲ್ ಎಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಇಂಧನವನ್ನೇ ಕಡಿದುಬಿಡುತ್ತವೆ. ನ್ಯೂಟ್ರಲ್‌ನಲ್ಲಿಯಾದರೆ ಎಂಜಿನ್ ತನ್ನ ಪಾಡಿಗೆ ಉರಿಯಲು ಡೀಸೆಲ್ ಬೇಕೇ ಬೇಕು. ಇನ್ನು ಎಂಜಿನ್ ಆರಿಸಿಯೇ ಇಳಿಸುವವನ ಸ್ಟಿಯರಿಂಗ್ ಕಲ್ಲಾಗುತ್ತದೆ, ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ. ಹಳೆಯ ಗಾಡಿಗಳ ಕಾಲದ ಲೆಕ್ಕಕ್ಕೆ ಹೊಸ ಹುಡುಗರು ಪ್ರಾಣ ಒಡ್ಡುತ್ತಿದ್ದಾರೆ.

ತಿರುವಿನ ಪಾಠ ಬೇರೆ. ಉದ್ದನೆಯ ಗಾಡಿಯ ಹಿಂದಿನ ಚಕ್ರಗಳು ಮುಂದಿನವು ಹೋದ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕೊರೆಯುತ್ತವೆ. ಆದ್ದರಿಂದ ಹೊರ ಅಂಚಿಗೆ ಹೋಗಿ ತಡವಾಗಿ ತಿರುಗಿಸಬೇಕು. ಅಷ್ಟು ಜಾಗ ಸಿಗಬೇಕಾದರೆ ಎದುರಿನ ಗಾಡಿ ಕಾದಿರಬೇಕು. ಇಕ್ಕಟ್ಟಾದ ಬೆಟ್ಟದ ದಾರಿಯಲ್ಲಿ ಹತ್ತುವವನಿಗೆ ಮೊದಲ ಹಕ್ಕು ಎಂಬುದು ನಿಯಮ. ನಿಂತು ಮತ್ತೆ ಹೊರಡುವ ಕಷ್ಟ ಅವನದೇ. ಇಳಿಯುವ ಅವಸರದಲ್ಲಿ ಹೊಸಬನು ಇದನ್ನು ಮರೆತರೆ ತಿರುವಿನಲ್ಲಿ ಎರಡೂ ಗಾಡಿಗಳು ಸಿಕ್ಕಿಕೊಂಡು, ಹಿಂದೆ ಬಸ್ಸುಗಳ ಸಾಲು ಬೆಳೆಯುತ್ತದೆ.

ಭಾಷೆಯ ವಿಷಯದಲ್ಲಿ ಮಾತ್ರ ನಮ್ಮ ಗಡಿಯ ಹುಡುಗನು ಮುಂದಿದ್ದಾನೆ. ಕನ್ನಡ ಶಾಲೆಯಲ್ಲಿ ಓದಿದವನಿಗೆ ತಮಿಳಿನ ತರಬೇತಿ ಪಾಠ ಮೊದಲ ದಿನಗಳಲ್ಲಿ ತೊಡಕಾದೀತು. ಆದರೆ ತ್ರಿಕೋನ ಫಲಕ ಎಚ್ಚರಿಕೆ, ವೃತ್ತಾಕಾರದ್ದು ಆಜ್ಞೆ ಎಂಬುದಕ್ಕೆ ಲಿಪಿ ಬೇಕಿಲ್ಲ. ರಸ್ತೆಗಿಳಿದ ಮೇಲಂತೂ ಸೇಲಂನಲ್ಲಿ ತಮಿಳು, ಬೆಂಗಳೂರಿನಲ್ಲಿ ಕನ್ನಡ ಎಂದು ನಾಲಿಗೆ ತಾನೇ ತಿರುಗುತ್ತದೆ. ಕರ್ನೂಲು ದಾಟುವ ಹೊತ್ತಿಗೆ ತೆಲುಗೂ ಅಷ್ಟಿಷ್ಟು ಅಂಟಿರುತ್ತದೆ. ಕೆಟ್ಟು ನಿಂತ ರಾತ್ರಿಯಲ್ಲಿ ಇದು ಸಣ್ಣ ಆಸ್ತಿಯಲ್ಲ.

ನಿದ್ದೆಯ ಮಾತು ಉಳಿದಿದೆ. ದಿನಕ್ಕೆ ಎಂಟು ಗಂಟೆಯ ದುಡಿಮೆ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆಯ ವಿರಾಮ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳಿತು. ಅದು ಅನ್ವಯಿಸಿದ್ದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಒಂದೆರಡು ಲಾರಿಯ ಮಾಲೀಕರ ಬಳಿ ದುಡಿಯುವವರು ಲೆಕ್ಕದ ಹೊರಗೇ ಉಳಿದರು. 2025ರ ಅಕ್ಟೋಬರ್ 1ರ ಬಳಿಕ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿರುವುದು ನೆಮ್ಮದಿಯ ಸುದ್ದಿಯೇ. ಹೊಸಬನ ಕೈಗೆ ಸಾಮಾನ್ಯವಾಗಿ ಬರುವುದು ಮಾತ್ರ ಹಳೆಯ ಗಾಡಿ.

ಮಗನಿಗೆ ಭಾರೀ ವಾಹನದ ಪರವಾನಗಿ ಬಂದಿತೆಂದು ಹಿಗ್ಗುವ ಮನೆಯವರು ಒಂದು ಮಾತನ್ನು ಮಾಲೀಕನಲ್ಲಿ ಕೇಳಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು: ಮೊದಲ ಆರು ತಿಂಗಳು ಪಕ್ಕದಲ್ಲಿ ಹಳಬನೊಬ್ಬ ಇರುತ್ತಾನೆಯೇ, ಇದ್ದರೆ ಹುಡುಗನ ಬಾಟಾ ಯಾರು ಕೊಡುತ್ತಾರೆ? ಊರಿನಲ್ಲಿಯೇ ಇರುವ ಮಾವನೋ ದೊಡ್ಡಪ್ಪನ ಮಗನೋ ಲಾರಿ ನಡೆಸುತ್ತಿದ್ದರೆ ಅರ್ಧ ಬಾಟಾಕ್ಕಾದರೂ ಅವರೊಡನೆ ಒಂದು ಮಳೆಗಾಲ, ಒಂದು ಬೇಸಿಗೆ ಕಳುಹಿಸುವುದು ಲೇಸು. ಘಾಟಿ ಇಳಿದ ಲಾರಿಗಳು ಬಣ್ಣಾರಿ ಅಮ್ಮನ ಗುಡಿಯ ಬಳಿ ನಿಂತಾಗ ಅಂಥ ಹಳಬರು ಕರ್ಪೂರ ಹಚ್ಚುವ ಮೊದಲು ಒಂದು ಕೆಲಸ ಮಾಡುತ್ತಾರೆ. ಅಂಗೈಯನ್ನು ಚಕ್ರದ ಹತ್ತಿರ ಹಿಡಿದು, ಮುಟ್ಟದೆ, ಡ್ರಮ್ ಎಷ್ಟು ಕಾದಿದೆಯೆಂದು ನೋಡುತ್ತಾರೆ. ಆಮೇಲೆ ಹುಡುಗನ ಕೈಯನ್ನೂ ಅಲ್ಲಿಗೆ ಎಳೆದು ಹಿಡಿಸುತ್ತಾರೆ.