ಬೆಟ್ಟ ಮತ್ತು ಖಾಡಿಯ ನಡುವೆ: ಮೀರಾ-ಭಾಯಂದರಿನ ನೆಲ, ಹವೆ, ಜನ

ಊರಿನಿಂದ ಬಂದ ಬಂಧುಗಳು ‘ನೀವಿರುವುದು ಮುಂಬಯಿಯಲ್ಲಿಯೇ?’ ಎಂದು ಕೇಳಿದರೆ ನಾವು ಹಿಂದುಮುಂದು ನೋಡದೆ ಹೌದೆನ್ನುತ್ತೇವೆ. ವ್ಯವಹಾರಕ್ಕೆ ಆ ಉತ್ತರ ಸಾಕು. ಆದರೆ ದಹಿಸರ್ ಚೆಕ್‌ನಾಕಾ ದಾಟಿದೊಡನೆ ಜಿಲ್ಲೆ ಠಾಣೆಯದ್ದು, ನಗರಪಾಲಿಕೆ ಬೇರೆಯದ್ದು, ಕುಡಿಯುವ ನೀರು ಕೂಡ ಬೇರೆ ಕಡೆಯದ್ದು. ಮೀರಾರೋಡ್ ಮತ್ತು ಭಾಯಂದರಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಹೆಚ್ಚಿನವು ಬೆಲೆ ನೋಡಿ ಇಲ್ಲಿಗೆ ಬಂದವು, ನೆಲ ನೋಡಿ ಬಂದವರು ಕಡಿಮೆ. ನಾವು ಕಾಲೂರಿದ ಈ ನೆಲದ ಸ್ವರೂಪವನ್ನು ಒಮ್ಮೆ ಅರಿತುಕೊಳ್ಳುವುದು ಪ್ರತಿ ಮಳೆಗಾಲದಲ್ಲಿಯೂ ಉಪಯೋಗಕ್ಕೆ ಬರುವ ಸಂಗತಿಯಾದುದರಿಂದ ಈ ಬರಹ.

ಮುಂಬಯಿಯ ಉಪನಗರಗಳೆಲ್ಲ ಸಾಷ್ಟಿ ದ್ವೀಪದ ಮೇಲಿವೆಯೆಂಬುದು ತಿಳಿದದ್ದೇ. ಆ ದ್ವೀಪದ ವಾಯವ್ಯ ಮೂಲೆಯೇ ಮೀರಾ-ಭಾಯಂದರ್. ಉತ್ತರಕ್ಕೆ ವಸಾಯಿ ಖಾಡಿ, ಅಂದರೆ ಉಲ್ಹಾಸ್ ನದಿ ಕಡಲನ್ನು ಸೇರುವ ಅಳಿವೆ. ಪಶ್ಚಿಮಕ್ಕೆ ಉತ್ತನ್, ಪಾಲಿ, ಚೌಕ್ ಎಂಬ ಮೀನುಗಾರರ ಹಳ್ಳಿಗಳು ಮತ್ತು ಅರಬ್ಬೀ ಸಮುದ್ರ. ಪೂರ್ವಕ್ಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಬೆಟ್ಟಗಳು. ಈಶಾನ್ಯದಲ್ಲಿ ಖಾಡಿಯ ದಡದ ಘೋಡ್‌ಬಂದರ್. ಹಿಂದೆ ಅಲ್ಲಿ ಕುದುರೆಗಳ ವ್ಯಾಪಾರ ನಡೆಯುತ್ತಿದ್ದುದರಿಂದ ಆ ಹೆಸರು ಬಂತೆಂಬ ಮಾತಿದೆ. ಒಟ್ಟು ವಿಸ್ತೀರ್ಣ ಸುಮಾರು 79 ಚದರ ಕಿಲೋಮೀಟರ್. ಇದರಲ್ಲಿ ಕಾಡು, ಕಾಂಡ್ಲಾ ಗಿಡಗಳ ಜೌಗು ಮತ್ತು ಉಪ್ಪಿನಾಗರಗಳನ್ನು ಕಳೆದರೆ ಮನೆ ಕಟ್ಟಲು ದೊರೆತ ಭೂಮಿ ನಾವೆಣಿಸಿದ್ದಕ್ಕಿಂತ ಬಹಳ ಕಡಿಮೆ.

ಉಪ್ಪಿನಾಗರಗಳ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳನ್ನು ಕಂಡ ಉತ್ತರ ಕನ್ನಡದವರಿಗೆ ಭಾಯಂದರಿನ ರೈಲು ಹಳಿಯ ಇಕ್ಕೆಲಗಳ ಆ ಚೌಕಾಕಾರದ ಬಯಲುಗಳು ಹೊಸ ನೋಟವಲ್ಲ. ಮಳೆ ನಿಂತ ಮೇಲೆ ದೊಡ್ಡ ಉಬ್ಬರದ ನೀರನ್ನು ತೂಬಿನ ಮೂಲಕ ಒಳಗೆ ಬಿಟ್ಟು, ಒಂದು ಮಡಿಯಿಂದ ಇನ್ನೊಂದು ಮಡಿಗೆ ಹರಿಸಿ, ಬಿಸಿಲಿಗೆ ಬತ್ತಿಸಿ, ಮುಂದಿನ ಮಳೆಗಾಲದ ಒಳಗೆ ಉಪ್ಪನ್ನು ರಾಶಿ ಹಾಕುವುದು ಕ್ರಮ. ಈ ಕೆಲಸ ನಡೆಯಬೇಕಾದರೆ ಒಂದು ಷರತ್ತಿದೆ: ಭೂಮಿಯು ಉಬ್ಬರದ ಮಟ್ಟಕ್ಕಿಂತ ಕೆಳಗಿರಬೇಕು. ಉಪ್ಪು ಬೆಳೆಯುವ ನೆಲವೆಂದರೆ ಸಮುದ್ರವು ತನ್ನದೆಂದು ತಿಳಿದಿರುವ ನೆಲ. ನಮ್ಮ ನಗರದ ಎಷ್ಟೋ ಬಡಾವಣೆಗಳು ಇಂತಹ ತಗ್ಗುಗಳಿಗೆ ಮಣ್ಣು ತುಂಬಿಸಿ ಎದ್ದವು, ಇಲ್ಲವೇ ಅವುಗಳ ಪಕ್ಕದಲ್ಲಿಯೇ ನಿಂತಿವೆ.

ಇನ್ನು ಉಬ್ಬರದ ಮಾತು. ಮಂಗಳೂರು, ಉಡುಪಿಗಳ ಕಡಲಿನಲ್ಲಿ ನೀರಿನ ಏರಿಳಿತ ಎರಡು ಮೀಟರನ್ನೂ ಮುಟ್ಟುವುದಿಲ್ಲ; ಆದುದರಿಂದ ಊರಿನಲ್ಲಿ ಮೀನುಗಾರರನ್ನು ಬಿಟ್ಟರೆ ಉಳಿದವರು ಅದರತ್ತ ಗಮನ ಕೊಡುವುದು ಅಪರೂಪ. ಮುಂಬಯಿಯಲ್ಲಿ ಹಾಗಲ್ಲ. ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವು ನಾಲ್ಕೂವರೆ ಮೀಟರನ್ನು ದಾಟುವುದುಂಟು. ಬೆಟ್ಟದ ಮೇಲೆ ಸುರಿದ ನೀರು ನಾಲೆಗಳಲ್ಲಿ ಇಳಿದು ಖಾಡಿಯನ್ನು ಸೇರಬೇಕು. ಖಾಡಿಯೇ ತುಂಬಿ ನಿಂತಿರುವಾಗ ನಾಲೆಯ ಬಾಯಿ ಮುಚ್ಚಿದಂತೆಯೇ. ನೀರು ಇಳಿಯಲು ಇಳಿತದ ವೇಳೆಗಾಗಿ ಕಾಯಲೇಬೇಕು, ಬೇರೆ ದಾರಿಯಿಲ್ಲ. ಪ್ರತಿ ವರ್ಷ ನಾಲೆಗಳ ಹೂಳೆತ್ತಲಿಲ್ಲವೆಂದು ನಾವು ಪಾಲಿಕೆಯನ್ನು ದೂರುತ್ತೇವೆ. ಆ ದೂರು ನ್ಯಾಯವಾದದ್ದೇ. ಆದರೆ ಹೂಳೆತ್ತಿದ ನಾಲೆಯೂ ಉಬ್ಬರದ ಎದುರು ಕೆಲವು ಗಂಟೆ ನಿಸ್ಸಹಾಯಕವೆಂಬುದನ್ನು ಮರೆಯಬಾರದು.

ಈ ವಿಷಯದಲ್ಲಿ ಅಡುಗೆಮನೆಯ ಗೋಡೆಯ ಮೇಲೆ ತೂಗುವ ಪಂಚಾಂಗದ ಕ್ಯಾಲೆಂಡರ್ ಹವಾಮಾನ ಇಲಾಖೆಯ ಪ್ರಕಟಣೆಯಷ್ಟೇ ಉಪಯುಕ್ತ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ಮರುದಿನಗಳಲ್ಲಿ ಮುಂಬಯಿಯ ದೊಡ್ಡ ಉಬ್ಬರ ಮಧ್ಯಾಹ್ನ ಹನ್ನೆರಡು-ಒಂದು ಗಂಟೆಯ ಹೊತ್ತಿಗೆ ಬರುತ್ತದೆ, ಮತ್ತೆ ನಡುರಾತ್ರಿಯ ಸುಮಾರಿಗೆ. ಅಲ್ಲಿಂದ ಮುಂದೆ ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತಡವಾಗುತ್ತ ಹೋಗುತ್ತದೆ. ಜುಲೈಯ ಅಂತಹ ದಿನ ಬೆಳಗಿನಿಂದಲೇ ಮಳೆ ಹಿಡಿದಿದ್ದರೆ, ಮಕ್ಕಳು ಶಾಲೆಯಿಂದ ಮರಳುವ ವೇಳೆಗೆ ರಸ್ತೆ ಹೇಗಿದ್ದೀತೆಂದು ಊಹಿಸಲು ತಜ್ಞರು ಬೇಕಾಗಿಲ್ಲ.

ಮಳೆಯ ಪ್ರಮಾಣ ನಮ್ಮ ಕರಾವಳಿಗಿಂತ ಕಡಿಮೆಯೇ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿದರೆ ಮುಂಬಯಿಯ ಉಪನಗರಗಳಲ್ಲಿ 2,300ರಿಂದ 2,500. ಮುಂಗಾರು ಊರಿಗೆ ಜೂನ್ ಮೊದಲ ವಾರದಲ್ಲಿ ಬಂದರೆ ಇಲ್ಲಿಗೆ ವಾಡಿಕೆಯಂತೆ ಜೂನ್ 11ಕ್ಕೆ. ಆದರೆ ಅಲ್ಲಿಯ ಮಳೆ ಗದ್ದೆ, ತೋಟ, ಹೊಳೆಗಳ ಮೇಲೆ ಹರಡಿಕೊಳ್ಳುತ್ತದೆ. ಇಲ್ಲಿಯದು ಸಿಮೆಂಟಿನ ಮೇಲೆ ಬೀಳುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಸ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 74 ಮಾತ್ರ. ಕೋಟೆ ಪ್ರದೇಶದ ಕಚೇರಿಯಲ್ಲಿ ಕುಳಿತವರಿಗೆ ಉಪನಗರ ಮುಳುಗುತ್ತಿರುವುದು ಗೊತ್ತಾಗದೆ ಹೋದದ್ದು ಇದರಿಂದಲೇ. ಆ ರಾತ್ರಿ ಹಳಿಗಳ ಮೇಲೆ ನಡೆದು ಮನೆ ಸೇರಿದವರು, ಸೇರಲಾಗದೆ ಉಳಿದವರು ನಮ್ಮ ನಡುವೆ ಅನೇಕರಿದ್ದಾರೆ.

ಚಳಿ, ಬಿಸಿಲುಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಸಾಂತಾಕ್ರೂಸ್‌ನ ದಾಖಲೆಯಂತೆ ಅತಿ ಹೆಚ್ಚಿನ ಉಷ್ಣತೆ 1952ರ ಏಪ್ರಿಲ್‌ನಲ್ಲಿ 42.2 ಡಿಗ್ರಿ, ಅತಿ ಕಡಿಮೆಯದು 1962ರ ಜನವರಿಯಲ್ಲಿ 7.4. ನಡುವಿನದೆಲ್ಲ ಬೆವರು.

ಜನಸಂಖ್ಯೆಯ ಕಥೆ ಮಾತ್ರ ಆಶ್ಚರ್ಯಕರ. 1985ರಲ್ಲಿ ಕೆಲವು ಗ್ರಾಮ ಪಂಚಾಯತುಗಳನ್ನು ಕೂಡಿಸಿ ಇಲ್ಲಿ ನಗರ ಪರಿಷತ್ತು ಸ್ಥಾಪನೆಯಾಯಿತು. 2002ರ ಫೆಬ್ರವರಿ 28ರಂದು ಅದು ಮಹಾನಗರಪಾಲಿಕೆಯಾಯಿತು. 1991ರ ಜನಗಣತಿಯಲ್ಲಿ ಸುಮಾರು 1 ಲಕ್ಷ 75 ಸಾವಿರವಿದ್ದ ಜನ 2001ರಲ್ಲಿ 5,20,388 ಆದರು, 2011ರಲ್ಲಿ 8,09,378. ಇಪ್ಪತ್ತು ವರ್ಷಗಳಲ್ಲಿ ನಾಲ್ಕೂವರೆ ಪಟ್ಟು! 2001 ಮತ್ತು 2011ರ ನಡುವೆ ಮುಂಬಯಿ ನಗರ ಜಿಲ್ಲೆಯ ಜನಸಂಖ್ಯೆ 33.38 ಲಕ್ಷದಿಂದ 30.85 ಲಕ್ಷಕ್ಕೆ ಇಳಿಯಿತೆಂಬುದನ್ನು ಜೊತೆಗಿಟ್ಟು ನೋಡಿದರೆ ಚಿತ್ರ ಪೂರ್ಣವಾಗುತ್ತದೆ. ಕೋಟೆಯ ಹೋಟೆಲುಗಳಲ್ಲಿ ದುಡಿದವರು, ರಾತ್ರಿಶಾಲೆಯಲ್ಲಿ ಓದಿ ಗುಮಾಸ್ತರಾದವರು, ಮಕ್ಕಳು ದೊಡ್ಡವರಾದಂತೆ ಒಂದು ಕೋಣೆಯ ಚಾಳನ್ನು ಬಿಟ್ಟು ಉತ್ತರಕ್ಕೆ ಸರಿದರು. ಮೀರಾರೋಡಿನ ಪಲಿಮಾರು ಮಠ, ಬಂಟರ ಸಂಘದ ಮೀರಾ-ಭಾಯಂದರ್ ಪ್ರಾದೇಶಿಕ ಸಮಿತಿ ಮೊದಲಾದವು ಹೀಗೆ ಸರಿದ ಜನರ ಹಿಂದೆಯೇ ಬಂದು ನೆಲೆಯೂರಿದವು.

ಇಷ್ಟು ಜನರಿಗೆ ನೀರು ಮಾತ್ರ ಇಲ್ಲಿಯದಲ್ಲ. ಮೂರು ದಿಕ್ಕುಗಳಲ್ಲಿ ನೀರಿದ್ದರೂ ಎರಡು ದಿಕ್ಕಿನದು ಉಪ್ಪು, ಒಂದು ದಿಕ್ಕಿನದು ಬರೀ ಮಳೆಗಾಲದ ತೊರೆ. ಬಾರವಿ ಅಣೆಕಟ್ಟು ಮತ್ತು ಉಲ್ಹಾಸ್ ನದಿಯಿಂದ ಕೊಳವೆಗಳಲ್ಲಿ ಬಂದುದನ್ನೇ ಕುಡಿದು ನಗರ ಬೆಳೆಯಿತು. ಪಾಲ್‌ಘರ್ ಜಿಲ್ಲೆಯ ಸೂರ್ಯಾ ಯೋಜನೆಯಲ್ಲಿ ನಮ್ಮ ನಗರಕ್ಕೆ ದಿನಕ್ಕೆ 21.8 ಕೋಟಿ ಲೀಟರಿನ ಪಾಲು ಗೊತ್ತುಪಡಿಸಲಾಗಿದೆ.

ಖಾಡಿಯ ದಡದ ಕಾಂಡ್ಲಾ ಗಿಡಗಳು ಉಬ್ಬರದ ಬಲವನ್ನು ತಡೆಯುತ್ತವೆ, ಹೂಳನ್ನು ಹಿಡಿದಿಡುತ್ತವೆ. 2018ರ ಸೆಪ್ಟೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಅವುಗಳ ನಾಶವು ನಾಗರಿಕರ ಜೀವಿಸುವ ಹಕ್ಕಿಗೆ ಧಕ್ಕೆಯೆಂದು ತೀರ್ಪಿತ್ತಿದೆ. ರಾತ್ರೋರಾತ್ರಿ ಕಟ್ಟಡದ ಅವಶೇಷಗಳನ್ನು ಅಲ್ಲಿ ಸುರಿಯುವುದನ್ನು ಕಂಡರೆ ನಮಗೇಕೆಂದು ಸುಮ್ಮನಿರುವ ಸೊಸೈಟಿಗಳಿಗೆ, ಆ ಮಣ್ಣು ಸ್ಥಳಾಂತರಿಸುವ ನೀರು ತಮ್ಮ ನೆಲಮಾಳಿಗೆಯನ್ನೇ ಹುಡುಕಿಕೊಂಡು ಬರುವುದೆಂದು ಹೇಳಬೇಕಾಗಿದೆ.

2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. 2027ರ ಮಾರ್ಚ್ 1ನ್ನು ಆಧಾರವಾಗಿಟ್ಟು ಗಣತಿ ನಡೆಸುವ ಅಧಿಸೂಚನೆ 2025ರ ಜೂನ್‌ನಲ್ಲಿ ಹೊರಟಿತು. 2011ರಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 10 ಲಕ್ಷ. ತುಳು, ಕೊಂಕಣಿಗಳನ್ನು ಮನೆಮಾತಾಗಿ ಬರೆಸಿದವರು ಆ ಲೆಕ್ಕದಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಹಿಂದಿನ ಗಣತಿಗಳಲ್ಲಿ ಮಾತೃಭಾಷೆಯ ಬಳಿಕ ಬಲ್ಲ ಇತರ ಎರಡು ಭಾಷೆಗಳನ್ನು ಹೇಳಲು ಅವಕಾಶವಿತ್ತು. ಅವಸರದಲ್ಲಿ ಹಿಂದಿ, ಇಂಗ್ಲಿಷ್ ಎಂದು ಹೇಳಿ ಬಾಗಿಲು ಮುಚ್ಚಿದ ಮನೆಗಳು ನಮ್ಮ ಕಟ್ಟಡಗಳಲ್ಲಿಯೇ ಎಷ್ಟಿದ್ದವೆಂದು ನಾವು ಬಲ್ಲೆವು. ಈ ಬಾರಿ ಗಣತಿದಾರರು ಬಂದಾಗ ಮನೆಯ ಹಿರಿಯರೊಬ್ಬರು ಹಾಜರಿದ್ದು, ಆ ಕಾಲಮುಗಳನ್ನು ತಾವೇ ನಿಂತು ತುಂಬಿಸುವುದು ಒಳ್ಳೆಯದು.